ಕಿವಿ ಎತ್ತಿ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ದಾವಣಗೆರೆಯ ನಮ್ಮ ಮನೆಯಲ್ಲಿ ಒಂಬತ್ತು ವರ್ಷದಿಂದ ಒಂದು ಕಾಕರ್ ಸ್ಪ್ಯಾನಿಯಲ್ ಇದೆ. ಹೆಸರು ಚಿನ್ನಿ. ಜೋನಿಬೆಲ್ಲದ ಬಣ್ಣ, ಜೋತುಬಿದ್ದ ಉದ್ದನೆಯ ಕಿವಿ. ಆ ಕಿವಿ ನೋಡಿ ಮರುಳಾಗಿಯೇ ಮಕ್ಕಳು ಅವಳನ್ನು ಮನೆಗೆ ತಂದರು. ನಾಯಿ ಸಾಕುವುದು ಅಂದರೆ ಏನು ಅಂತ ನನಗೆ ಕಲಿಸಿದ್ದೂ ಆ ಕಿವಿಯೇ.

ಒಂದು ಸಲ ದೀಪಾವಳಿ ಆದಮೇಲೆ, ಊರಾಚೆ ಮೆಕ್ಕೆಜೋಳದ ಹೊಲದ ಬದುವಿನಲ್ಲಿ ಅವಳನ್ನು ಅಡ್ಡಾಡಿಸಿಕೊಂಡು ಬಂದೆ. ಅವತ್ತು ರಾತ್ರಿಯಿಂದ ಪಟಪಟ ಅಂತ ತಲೆ ಕೊಡವತೊಡಗಿದಳು. ಏನೋ ಆಟ ಅಂತ ಸುಮ್ಮನಾದೆ. ಮೂರನೇ ದಿನ ಹತ್ತಿರ ಕೂರಿಸಿಕೊಂಡರೆ ಕಿವಿಯಿಂದ ಕೆಟ್ಟ ವಾಸನೆ, ಮುಟ್ಟಿದರೆ ಕುಂಯ್ ಅಂತ ಅಳು. ಪಶುವೈದ್ಯರು ದೀಪ ಹಾಕಿ ಒಳಗೆ ನೋಡಿ, ಸಣ್ಣ ಚಿಮಟದಿಂದ ಒಂದು ಹುಲ್ಲಿನ ಮುಳ್ಳು ಎಳೆದರು. ನಮ್ಮ ಪಂಚೆ ಅಂಚಿಗೆ ಚುಚ್ಚಿಕೊಳ್ಳುತ್ತದಲ್ಲ, ಅದೇ ಮುಳ್ಳು. ಹಿಮ್ಮುಖವಾಗಿ ಗರಿ ಇರುವುದರಿಂದ ಅದು ಒಳಗೊಳಗೇ ಹೋಗುತ್ತದೆಯೇ ಹೊರತು ತಾನಾಗಿ ಹೊರಗೆ ಬರುವುದಿಲ್ಲ. ಮೂರು ದಿನ ಆ ನೋವು ತಿಂದಳಲ್ಲ ಅಂತ ಇವತ್ತಿಗೂ ನನಗೆ ಸಂಕಟವಾಗುತ್ತದೆ.

ನಾಯಿಯ ಕಿವಿಯ ದಾರಿ ಮೊದಲು ಕೆಳಕ್ಕಿಳಿದು, ಆಮೇಲೆ ಒಳಕ್ಕೆ ತಿರುಗುತ್ತದೆ. ಸ್ಪ್ಯಾನಿಯಲ್‌ಗೆ ಅದರ ಮೇಲೆ ಕೂದಲು ತುಂಬಿದ ಭಾರದ ಕಿವಿ ಮುಚ್ಚಿಕೊಂಡಿರುತ್ತದೆ. ಗಾಳಿ ಆಡುವುದಿಲ್ಲ, ತೇವ ಆರುವುದಿಲ್ಲ, ಸೋಂಕು ಬೇಗ ಹತ್ತುತ್ತದೆ. ಅದಕ್ಕೇ ದಿನಕ್ಕೊಮ್ಮೆ ಕಿವಿ ಎತ್ತಿ ನೋಡಿ, ಮೂಸಿ ನೋಡಿ. ಕೆಂಪಗಾಗಿದ್ದರೆ, ಕಂದು ಗುಗ್ಗೆ ಕಂಡರೆ, ವಾಸನೆ ಬಂದರೆ ವೈದ್ಯರ ಹತ್ತಿರ ಹೋಗಿ. ಹತ್ತಿ ಸುತ್ತಿದ ಕಡ್ಡಿ ಹಾಕಬೇಡಿ, ಗುಗ್ಗೆ ಇನ್ನೂ ಆಳಕ್ಕೆ ಹೋಗುತ್ತದೆ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುವುದಂತೂ ಬೇಡವೇ ಬೇಡ. ವೈದ್ಯರು ಕೊಟ್ಟ ದ್ರಾವಣ ಬಿಟ್ಟು, ಕಿವಿಯ ಬುಡ ಮೆಲ್ಲಗೆ ತಿಕ್ಕಿ, ಹೊರಗೆ ಬಂದದ್ದನ್ನು ಹತ್ತಿಯಿಂದ ಒರೆಸಿದರೆ ಸಾಕು. ಊಟದ ಪಾತ್ರೆಯ ಬಾಯಿ ಕಿರಿದಾಗಿರಲಿ, ಆಗ ಕಿವಿ ಅನ್ನದಲ್ಲಿ ಅದ್ದುವುದಿಲ್ಲ.

ಕಿವಿ ಎತ್ತಿದಾಗಲೇ ಉಣ್ಣೆಯನ್ನೂ ಹುಡುಕಿ. ಕಿವಿಯ ಮಡಿಕೆ, ಕಾಲ್ಬೆರಳ ಸಂದು ಅದಕ್ಕೆ ಇಷ್ಟದ ಜಾಗ. ಉಣ್ಣೆ ಕಚ್ಚಿದ್ದರಿಂದ ಎರ್ಲಿಕಿಯಾ, ಬೆಬೀಸಿಯಾ ಅನ್ನುವ ರಕ್ತದ ರೋಗಾಣುಗಳು ನಾಯಿಯ ಮೈ ಸೇರುತ್ತವೆ. ಊಟ ಬಿಟ್ಟು ಮಂಕಾಗಿ ಮಲಗಿದರೆ, ವಸಡು ಬಿಳಿಚಿಕೊಂಡರೆ ಅವತ್ತೇ ರಕ್ತ ಪರೀಕ್ಷೆ ಮಾಡಿಸಿ. ಹುಚ್ಚುನಾಯಿ ರೋಗದ ಲಸಿಕೆ ತಪ್ಪಿಸಬಾರದು ಅನ್ನುವುದನ್ನು ಬೇರೆ ಹೇಳಬೇಕಿಲ್ಲ.

ಇನ್ನು ನಮ್ಮೂರಿನ ಬೆಣ್ಣೆದೋಸೆ. ಭಾನುವಾರ ಪೊಟ್ಟಣ ಬಿಚ್ಚಿದರೆ ಸಾಕು, ಚಿನ್ನಿ ಮಂಡಿಗೆ ಗಲ್ಲ ಊರಿ ಕೂರುತ್ತಾಳೆ. ಆ ಕಣ್ಣು ನೋಡಿ ಕೊಡದೆ ಇರುವುದು ಕಷ್ಟ, ನನಗೆ ಗೊತ್ತು. ಆದರೆ ಜಿಡ್ಡು ಹೆಚ್ಚಾದರೆ ಮೇದೋಜೀರಕ ಗ್ರಂಥಿ ಊದಿಕೊಂಡು ವಾಂತಿ, ಹೊಟ್ಟೆನೋವು ಬರಬಹುದು. ಕಾಕರ್ ತಳಿಗೆ ಈ ಅಪಾಯ ಹೆಚ್ಚು. ಮಂಡಕ್ಕಿಯೂ ಬೇಡ, ಅದರಲ್ಲಿ ಈರುಳ್ಳಿ ಇರುತ್ತದೆ. ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ದ್ರಾಕ್ಷಿ, ಚಾಕೊಲೇಟ್ ಕೂಡ ವಿಷವೇ. ಪಕ್ಕೆ ಮೇಲೆ ಕೈಯಾಡಿಸಿದರೆ ಎಲುಬು ಕೈಗೆ ಸಿಗಬೇಕು. ಸಿಗದಿದ್ದರೆ ಊಟ ಕಡಿಮೆ ಮಾಡಿ.

ದಾವಣಗೆರೆ, ಚಿತ್ರದುರ್ಗದ ಏಪ್ರಿಲ್ ಬಿಸಿಲು ನಿಮಗೆ ಗೊತ್ತೇ ಇದೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ತೇಕಿಯೇ ಅದು ಮೈ ತಂಪು ಮಾಡಿಕೊಳ್ಳಬೇಕು. ಅಂಗೈ ಹಿಂಭಾಗವನ್ನು ರಸ್ತೆ ಮೇಲಿಟ್ಟು ನೋಡಿ. ನಿಮಗೆ ಸುಟ್ಟರೆ ಅದರ ಪಾದಕ್ಕೂ ಸುಡುತ್ತದೆ. ಬಿಸಿಲೇರುವ ಮೊದಲೇ ತಿರುಗಾಟ ಮುಗಿಸಿ. ಜೋರಾಗಿ ತೇಕುತ್ತಾ ತೂರಾಡಿದರೆ ನೆರಳಿಗೆ ತಂದು, ಮೈಮೇಲೆ ತಣ್ಣೀರು ಹೊಯ್ದು, ಫ್ಯಾನ್ ಹಾಕಿ, ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಸ್ಪ್ಯಾನಿಯಲ್ ಪೊದೆಯೊಳಗಿನ ಹಕ್ಕಿಯನ್ನು ಮೂಸಿ ಎಬ್ಬಿಸುವುದಕ್ಕೆ ಬೆಳೆಸಿದ ತಳಿ. ಮೂಗಿಗೆ ಕೆಲಸವಿಲ್ಲದೆ ದಿನವಿಡೀ ಕಟ್ಟಿಹಾಕಿದರೆ ಕೊರಗುತ್ತದೆ. ನಾವು ಸಂಜೆ ನಾಲ್ಕು ಬೇಯಿಸಿದ ಕೋಳಿ ಚೂರನ್ನು ಹಳೇ ಟವೆಲ್‌ನಲ್ಲಿ ಸುತ್ತಿ ಎಲ್ಲಾದರೂ ಬಚ್ಚಿಡುತ್ತೇವೆ. ಚಿನ್ನಿ ಮೂಗನ್ನು ನೆಲಕ್ಕೆ ಹಚ್ಚಿ, ಮೋಟು ಬಾಲ ಅಲ್ಲಾಡಿಸುತ್ತಾ ನಡುಮನೆ, ಹಿತ್ತಲು ಎಲ್ಲ ಜಾಲಾಡುತ್ತಾಳೆ. ಸಿಕ್ಕಿದ ಮೇಲೆ ಟವೆಲನ್ನು ಕಚ್ಚಿ ತಂದು ನನ್ನ ಕಾಲ ಮೇಲೆ ಹಾಕುತ್ತಾಳೆ. ಆಗ ಮೆಲ್ಲಗೆ ಒಂದು ಕಿವಿ ಎತ್ತುತ್ತೇನೆ, ಆಮೇಲೆ ಇನ್ನೊಂದು.

ನಮಸ್ಕಾರ.