ಪದವಿ ಓದುತ್ತಲೇ ನ್ಯಾಯದ ಕೆಲಸ

ಗೆಳೆಯರೇ, ಗೆಳತಿಯರೇ,

ಸಮಾಜಕ್ಕೆ ಏನಾದರೂ ಮಾಡಬೇಕು, ಎಲ್ಲಿಂದ ಶುರು ಮಾಡಲಿ ಅಂತ ಪ್ರತಿ ವರ್ಷ ವಿದ್ಯಾರ್ಥಿಗಳು ಕೇಳುತ್ತಾರೆ. ಕೇಳುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಒಂದು ಪಟ್ಟಿ ಇರುತ್ತದೆ. ಯಾವ ಫೆಲೋಶಿಪ್, ಯಾವ ಇಂಟರ್ನ್‌ಶಿಪ್, ಕೊನೆಯ ದಿನಾಂಕ ಯಾವಾಗ, ಸ್ಟೈಪೆಂಡ್ ಎಷ್ಟು. ಅದಕ್ಕೂ ಬರುತ್ತೇನೆ. ಆದರೆ ಅದಕ್ಕಿಂತ ದೊಡ್ಡ ಅವಕಾಶ ನಿಮ್ಮ ಕಾಲೇಜಿನ ಗೇಟಿನಿಂದ ನಡೆದು ಹೋಗುವಷ್ಟು ದೂರದಲ್ಲೇ ಇದೆ. ಕಾನೂನು ಕೊಟ್ಟಿರುವ ಹಕ್ಕು ಕೈಗೆ ಸಿಗದ ಜನ ಅಲ್ಲಿದ್ದಾರೆ. ಎಷ್ಟೋ ಸಲ ಹಕ್ಕಿಗೂ ಅವರಿಗೂ ನಡುವೆ ಅಡ್ಡ ನಿಂತಿರುವುದು ಒಂದು ಕಾಗದ. ಅದನ್ನು ಓದಬಲ್ಲವರು, ಬರೆಯಬಲ್ಲವರು ನೀವು. ಒಂದೇ ವಿಷಯ ಹಿಡಿಯಿರಿ, ಒಂದು ವರ್ಷ ಅದರ ಬೆನ್ನು ಬಿಡಬೇಡಿ. ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟೇ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಬೆಳಿಗ್ಗೆ ಏಳು ಗಂಟೆಗೆ ಬೆಂಗಳೂರಿನಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ದೊಡ್ಡ ಸರ್ಕಲ್ಲುಗಳಲ್ಲಿ ಕೂಲಿಗೆ ಕಾಯುವವರು ನಿಂತಿರುತ್ತಾರೆ. ಗಂಡಸರ ಚೀಲದಲ್ಲಿ ಕರಣೆ, ತೂಗುಗುಂಡು. ಹೆಂಗಸರ ಕೈಯಲ್ಲಿ ಬುತ್ತಿ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಬಂದವರು ಬಹಳ. ಇವರಿಗಾಗಿಯೇ 1996ರಲ್ಲಿ ಕಟ್ಟಡ ಕಾರ್ಮಿಕರ ಕಾಯ್ದೆ ಬಂತು. ಕಟ್ಟಡ ಕಟ್ಟುವವರಿಂದ ವೆಚ್ಚದ ಶೇ 1ರಷ್ಟು ಸೆಸ್ ವಸೂಲಿ ಮಾಡಿ ಕಲ್ಯಾಣ ಮಂಡಳಿಯಲ್ಲಿ ಇಡುತ್ತಾರೆ. ಮಕ್ಕಳ ಓದಿಗೆ ಸಹಾಯಧನ, ಹೆರಿಗೆಗೆ ನೆರವು, ಅಪಘಾತವಾದರೆ ಪರಿಹಾರ, ವಯಸ್ಸಾದ ಮೇಲೆ ಪಿಂಚಣಿ, ಎಲ್ಲಾ ಅದರಿಂದಲೇ ಸಿಗಬೇಕು. ಸಿಗಬೇಕಾದರೆ ನೋಂದಣಿ ಆಗಿರಬೇಕು. ವಯಸ್ಸು 18ರಿಂದ 60ರ ಒಳಗಿರಬೇಕು, ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ಕಟ್ಟಡ ಕೆಲಸ ಮಾಡಿರಬೇಕು.

ಆ 90 ದಿನಕ್ಕೆ ಪುರಾವೆ ಕೊಡುವವರು ಯಾರು? ವಾರಕ್ಕೊಬ್ಬ ಮೇಸ್ತ್ರಿ ಬದಲಾಗುತ್ತಾನೆ. ಸಹಿ ಹಾಕಿದರೆ ನಾಳೆ ತನ್ನ ತಲೆಗೆ ಬರುತ್ತೆ ಅಂತ ಗುತ್ತಿಗೆದಾರ ಹಿಂಜರಿಯುತ್ತಾನೆ. ಅದು ದಾಟಿದರೆ ಹೆಸರಿನ ಗೋಳು. ಆಧಾರ್‌ನಲ್ಲಿ ಯಲ್ಲಮ್ಮ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಎಲ್ಲವ್ವ. ಅದೂ ದಾಟಿದರೆ ಒಟಿಪಿ. ಆಧಾರ್‌ಗೆ ಜೋಡಿಸಿರುವ ಮೊಬೈಲ್ ಊರಲ್ಲಿರುವ ಮಗನದು, ಅವನು ಆ ಹೊತ್ತಿಗೆ ಹೊಲದಲ್ಲಿರುತ್ತಾನೆ. ಒಂದು ದಿನದ ಕೂಲಿ ಬಿಟ್ಟು ಸೈಬರ್ ಸೆಂಟರ್‌ಗೆ ಬಂದ ಹೆಂಗಸು ಸುಮ್ನೆ ವಾಪಸ್ ಹೋಗುತ್ತಾಳೆ. ಅತ್ತ, ಕಟ್ಟಡದ ಕಡೆ ತಲೆ ಹಾಕದವರ ಕೈಗೂ ನೋಂದಣಿ ಕಾರ್ಡ್ ಹೋಗಿದ್ದರಿಂದ ಪರಿಶೀಲನೆ ಬಿಗಿಯಾಗಿದೆ. ಬಿಗಿಯಾದಷ್ಟೂ ಕಷ್ಟ ಜಾಸ್ತಿ ಆಗೋದು ನಿಜವಾದ ಕೂಲಿಯವರಿಗೇ.

ಇಲ್ಲಿ ಐದಾರು ವಿದ್ಯಾರ್ಥಿಗಳು ಏನು ಮಾಡಬಹುದು ಅಂತ ಯೋಚಿಸಿ. ಒಬ್ಬೊಬ್ಬ ಕೂಲಿಯವರಿಗೂ ಒಂದು ಸಣ್ಣ ನೋಟ್‌ಬುಕ್ ಕೊಡಿ. ದಿನಾಂಕ, ಕೆಲಸದ ಜಾಗ, ಮೇಸ್ತ್ರಿಯ ಹೆಸರು, ಫೋನ್ ನಂಬರ್. ಬರೆಯಲು ಬಾರದವರಿಗೆ ವಾರಕ್ಕೊಮ್ಮೆ ನೀವೇ ಕೇಳಿ ಬರೆಯಿರಿ. ಮೂರು ತಿಂಗಳಾಗುವ ಹೊತ್ತಿಗೆ ಗುತ್ತಿಗೆದಾರನ ಮುಂದಾಗಲಿ, ನೋಂದಾಯಿತ ಕಾರ್ಮಿಕ ಸಂಘದ ಮುಂದಾಗಲಿ ಇಡೋಕೆ ಒಂದು ದಾಖಲೆ ಇರುತ್ತದೆ. ಆಮೇಲೆ ಅರ್ಜಿ ತುಂಬಿ. ತುಂಬಿ ಬಿಟ್ಟುಬಿಡಬೇಡಿ, ತಿರಸ್ಕಾರ ಆಯಿತಾ, ಯಾಕೆ ಆಯಿತು ಅಂತ ನೋಡಿ. ನಲವತ್ತು ಅರ್ಜಿಯ ತಿರಸ್ಕಾರದ ಕಾರಣ ಒಂದೇ ಹಾಳೆಯಲ್ಲಿ ಬರೆದು ಕಾರ್ಮಿಕ ಅಧಿಕಾರಿಯ ಮೇಜಿನ ಮೇಲೆ ಇಟ್ಟಾಗ, ಒಬ್ಬೊಬ್ಬರ ಗೋಳು ಅಂತ ಕಂಡದ್ದು ಇಡೀ ವ್ಯವಸ್ಥೆಯ ತೊಡಕು ಅಂತ ಎಲ್ಲರಿಗೂ ಕಾಣುತ್ತದೆ. ನನ್ನ ಮಟ್ಟಿಗೆ ಸೇವೆ ಅಲ್ಲಿಗೆ ಮುಗಿಯುತ್ತದೆ, ನ್ಯಾಯದ ಕೆಲಸ ಅಲ್ಲಿಂದ ಶುರುವಾಗುತ್ತದೆ.

ವಿದ್ಯಾರ್ಥಿಗಳಿಂದ ಇದೆಲ್ಲ ಆಗುತ್ತದಾ ಅಂತ ಅನುಮಾನ ಬೇಡ. ನಮ್ಮ ರಾಜ್ಯದಲ್ಲೇ ಆಗಿದೆ. 1973ರಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪ ಮೈಸೂರಿನಲ್ಲಿ, ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬರೀ ಬೂಸಾ (ದನದ ಮೇವು) ಅಂತ ಆಡಿದ ಮಾತಿನಿಂದ ಬೂಸಾ ಗಲಾಟೆ ಎದ್ದಿತು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಆ ಹುಡುಗರು ಹಾಸ್ಟೆಲುಗಳಲ್ಲೇ ಕೂತು ಮಾತಾಡಿದರು, ಬರೆದರು, ಸಂಘಟನೆ ಕಟ್ಟಿದರು. ಭದ್ರಾವತಿಯ ಅಧ್ಯಾಪಕ ಬಿ. ಕೃಷ್ಣಪ್ಪ, ಆಗಿನ್ನೂ ಎಳೆಯರಾಗಿದ್ದ ದೇವನೂರ ಮಹಾದೇವ, ಸಿದ್ದಲಿಂಗಯ್ಯ ಇವರೆಲ್ಲ ಸೇರಿ ಬೆಳೆಸಿದ ದಲಿತ ಸಂಘರ್ಷ ಸಮಿತಿಯ ಬೇರು ಆ ದಿನಗಳಲ್ಲಿದೆ. ಹತ್ತು ವರ್ಷ ಮುಂದೆ ಬನ್ನಿ. 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ಓದುತ್ತಿದ್ದ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಶುರು ಮಾಡಿದರು. ಓದು ಮುಗಿಸಿ ಹೆಗ್ಗಡದೇವನಕೋಟೆಗೆ ಹೋದರು, ಕಾಡಿನಿಂದ ಹೊರಬಿದ್ದ ಜೇನುಕುರುಬ, ಕಾಡುಕುರುಬರ ಹಾಡಿಗಳ ನಡುವೆ. ಆಸ್ಪತ್ರೆ, ಶಾಲೆ ಎಲ್ಲ ಆಮೇಲೆ ಬಂದವು. ಒಂದು ದಾರಿ ಹೋರಾಟದ್ದು, ಇನ್ನೊಂದು ಸಂಸ್ಥೆ ಕಟ್ಟುವುದು. ಎರಡೂ ವಿದ್ಯಾರ್ಥಿಗಳ ಗುಂಪಿನಿಂದಲೇ ಹೊರಟವು.

ನಿಮ್ಮ ಕೈಯಲ್ಲಿ ಅವರಿಗೆ ಇಲ್ಲದ ಒಂದು ಸಾಧನ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆ. ಅದರ ಹಿಂದೆ ರಾಜಸ್ಥಾನದ ಕೂಲಿಕಾರರ ಹೋರಾಟ ಇದೆ. 1994ರಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಕೋಟ್ ಕಿರಾನಾದಲ್ಲಿ ಜನಸುನ್ವಾಯಿ, ಅಂದರೆ ಬಹಿರಂಗ ವಿಚಾರಣೆ ನಡೆಸಿ, ಸರ್ಕಾರಿ ಕಾಮಗಾರಿಯ ಲೆಕ್ಕವನ್ನು ಊರವರ ಮುಂದೆ ಗಟ್ಟಿಯಾಗಿ ಓದಿದರು. ಯಾರ ಹೆಸರಲ್ಲಿ ಕೂಲಿ ಬರೆದಿತ್ತೋ ಅವರು ಎದುರೇ ಕೂತಿದ್ದರು. ಉದ್ಯೋಗ ಖಾತ್ರಿ ಕಾಯ್ದೆ 2005ರಲ್ಲಿ ಬಂದಾಗ ಅದರ 17ನೇ ಕಲಂ ಇದೇ ಕೆಲಸವನ್ನು ಸಾಮಾಜಿಕ ಲೆಕ್ಕ ಪರಿಶೋಧನೆ ಅಂತ ಗ್ರಾಮಸಭೆಗೆ ಒಪ್ಪಿಸಿತು.

ಮಾಹಿತಿ ಅರ್ಜಿ ಬರೆಯೋದನ್ನು ನಿಮ್ಮ ಹಾಸ್ಟೆಲಿನಿಂದಲೇ ಕಲಿಯಬಹುದು. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿದ್ದರೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದ ಪ್ರಕಾರ ಅರ್ಜಿ ಒಂದೇ ವಿಷಯದ ಮೇಲೆ, 150 ಪದದೊಳಗೆ ಇರಬೇಕು. "ನಮ್ಮ ಹಾಸ್ಟೆಲಿನ ಊಟ ಯಾಕೆ ಇಷ್ಟು ಕೆಟ್ಟದಾಗಿದೆ?" ಅಂತ ಕೇಳಿದರೆ ಉತ್ತರ ಬರೋದಿಲ್ಲ, ಕಾಯ್ದೆ ಕೊಡಿಸುವುದು ದಾಖಲೆಯನ್ನು. "ಕಳೆದ ಜೂನ್‌ನಿಂದ ಆಗಸ್ಟ್‌ವರೆಗಿನ ಆಹಾರ ಸಾಮಗ್ರಿ ಖರೀದಿ ಬಿಲ್ಲುಗಳು, ವಿದ್ಯಾರ್ಥಿಗಳ ಹಾಜರಾತಿ ಪುಸ್ತಕ ಮತ್ತು ಮಂಜೂರಾದ ಊಟದ ಪಟ್ಟಿಯ ದೃಢೀಕೃತ ನಕಲು ಕೊಡಿ" ಅಂತ ಬರೆಯಿರಿ. ಮೂರೂ ಕೈಗೆ ಬಂದರೆ ಎಷ್ಟು ಜನ ಊಟ ಮಾಡಿದರು, ಎಷ್ಟು ಬೇಳೆ ಬಂತು ಅಂತ ನೀವೇ ಲೆಕ್ಕ ಹಾಕಬಹುದು. 30 ದಿನದಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ ಹಾಕಿ. ಬಹಳ ಜನ ಅಲ್ಲೇ ಕೈಬಿಡುತ್ತಾರೆ, ದಯವಿಟ್ಟು ನೀವು ಬಿಡಬೇಡಿ.

ಇನ್ನು ಎನ್‌ಎಸ್‌ಎಸ್, ಅಂದರೆ ರಾಷ್ಟ್ರೀಯ ಸೇವಾ ಯೋಜನೆ. 1969ರಲ್ಲಿ, ಗಾಂಧೀಜಿ ಹುಟ್ಟಿ ನೂರು ವರ್ಷವಾದ ಸಂದರ್ಭದಲ್ಲಿ ಶುರುವಾದ ಯೋಜನೆ. ವರ್ಷಕ್ಕೆ 120 ಗಂಟೆ, ಜೊತೆಗೆ ಏಳು ದಿನದ ಶಿಬಿರ. ಆ ಏಳು ದಿನ ದೇವಸ್ಥಾನದ ಅಂಗಳ ಗುಡಿಸಿ, ಸಂಜೆ ಸಾಂಸ್ಕೃತಿಕ ಕಾರ್ಯಕ್ರಮ ಮಾಡಿ ಬಂದರೆ ನನಗೆ ನಿಜವಾಗಿ ಬೇಸರವಾಗುತ್ತದೆ. ಐವತ್ತು ಜನ ಓದಿದ ಮಕ್ಕಳು ಒಂದೇ ಊರಲ್ಲಿ ಒಂದು ವಾರ ಇರೋದು ಸಣ್ಣ ಮಾತಾ? ಮನೆ ಮನೆಗೆ ಹೋಗಿ ಪಿಂಚಣಿ ಪಟ್ಟಿ ನೋಡಿ. ಸಂಧ್ಯಾ ಸುರಕ್ಷಾ ಯಾರಿಗೆ ಬರುತ್ತಿದೆ, ಯಾರಿಗೆ ನಿಂತಿದೆ, ವಿಧವಾ ವೇತನಕ್ಕೆ ಅರ್ಜಿಯನ್ನೇ ಹಾಕದವರು ಯಾರು. ಆ ಪಟ್ಟಿ ಹಿಡಿದು ತಾಲ್ಲೂಕಿನಲ್ಲಿ ಪಿಂಚಣಿ ದೂರು ಕೇಳುವ ಪಿಂಚಣಿ ಅದಾಲತ್‌ಗೆ ಹೋಗಿ. ಶಿಬಿರದಲ್ಲಿ ಇನ್ನೊಂದನ್ನೂ ಗಮನಿಸಿ. ಪಾತ್ರೆ ತೊಳೆಯೋದು ಯಾರು, ಮೈಕ್ ಹಿಡಿಯೋದು ಯಾರು, ಕೇರಿಯ ಮನೆಯಲ್ಲಿ ನೀರು ಕುಡಿಯದೆ ಬರುವವರು ಯಾರು. ನಿಮ್ಮ ಗುಂಪಿನೊಳಗಿನ ಜಾತಿ ಮತ್ತು ಗಂಡು-ಹೆಣ್ಣಿನ ಲೆಕ್ಕ ಹಾಗೇ ಇಟ್ಟುಕೊಂಡು ಊರಿಗೆ ಸಮಾನತೆ ಹೇಳೋಕೆ ಆಗಲ್ಲ, ಅಲ್ವಾ?

ಕಾನೂನು ಓದುವವರಿಗೆ ಕಾಲೇಜಿನ ಕಾನೂನು ನೆರವು ಕ್ಲಿನಿಕ್ ಇದೆ. ಬೇರೆ ವಿಷಯದವರು ಪ್ಯಾರಾ ಲೀಗಲ್ ವಾಲಂಟಿಯರ್, ಅಂದರೆ ಜನರಿಗೆ ಕಾನೂನು ನೆರವಿನ ದಾರಿ ತೋರಿಸುವ ಸ್ವಯಂಸೇವಕರು ಆಗಬಹುದು, ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಯಾವುದೇ ಹೆಣ್ಣುಮಗಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ನೆರವು ಸಿಗುತ್ತದೆ. ಸಹಾಯವಾಣಿ 15100. ಈ ಒಂದು ಮಾತು ಗೊತ್ತಿಲ್ಲದೆ ವಕೀಲರ ಫೀಸಿಗೆ ತಾಳಿ ಅಡ ಇಟ್ಟವರಿದ್ದಾರೆ. ಕ್ಯಾಂಪಸ್ಸಿನೊಳಗೂ ಜಾಗವಿದೆ. ಲೈಂಗಿಕ ಕಿರುಕುಳದ ದೂರು ವಿದ್ಯಾರ್ಥಿಗಳಿಗೆ ಸಂಬಂಧಿಸಿದ್ದಾದರೆ ಆಂತರಿಕ ಸಮಿತಿಯಲ್ಲಿ ಚುನಾಯಿತ ವಿದ್ಯಾರ್ಥಿ ಪ್ರತಿನಿಧಿಗಳು ಇರಬೇಕು ಅಂತ ಯುಜಿಸಿಯ 2015ರ ನಿಯಮ ಹೇಳುತ್ತದೆ. ನಿಮ್ಮಲ್ಲಿ ಆ ಚುನಾವಣೆ ನಡೆದಿದೆಯಾ ಕೇಳಿ ನೋಡಿ.

ಪದವಿ ಮುಗಿದ ಮೇಲೆ ಪೂರ್ಣಾವಧಿ ಬರುವವರಿಗೆ ಫೆಲೋಶಿಪ್‌ಗಳಿವೆ. ಎಸ್‌ಬಿಐ ಯೂತ್ ಫಾರ್ ಇಂಡಿಯಾ 13 ತಿಂಗಳದ್ದು, ಹಳ್ಳಿಯಲ್ಲೇ ಇದ್ದು ಕೆಲಸ ಮಾಡಬೇಕು. ಗಾಂಧಿ ಫೆಲೋಶಿಪ್, ಟೀಚ್ ಫಾರ್ ಇಂಡಿಯಾ ಎರಡೂ ಎರಡು ವರ್ಷದವು. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮಾಡಬೇಕೆಂದರೆ ಮಂಗಳೂರಿನ ರೋಶನಿ ನಿಲಯ ಕಾಲೇಜಿನಿಂದ ಹಿಡಿದು ನಮ್ಮ ಸರ್ಕಾರಿ ವಿಶ್ವವಿದ್ಯಾಲಯಗಳವರೆಗೆ ಅವಕಾಶವಿದೆ. ಮನೆಯ ಜವಾಬ್ದಾರಿ ಹೊತ್ತವರಿಗೆ, ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವರಿಗೆ ಒಂದು ಮಾತು. ಸಂಬಳ ಬಿಟ್ಟು ಬಂದರೇನೇ ಸಮಾಜದ ಕೆಲಸ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ), ಕಾರ್ಮಿಕ ನಿರೀಕ್ಷಕ, ಹಾಸ್ಟೆಲ್ ವಾರ್ಡನ್, ಈ ಹುದ್ದೆಗಳಲ್ಲಿ ಬಡವರ ಕಷ್ಟ ಬಲ್ಲವರು ಕೂರಬೇಕು. ಪರೀಕ್ಷೆ ಕಟ್ಟಿ. ಹಾಗೆ ಕೂತ ಒಬ್ಬ ಪ್ರಾಮಾಣಿಕ ಪಿಡಿಒ ಎಷ್ಟು ಮನೆಗೆ ಅನ್ನ ಮುಟ್ಟಿಸಬಲ್ಲರು ಅಂತ ಊರಿನವರನ್ನು ಕೇಳಿ.

ಕೊನೆಗೆ ಒಂದು ಎಚ್ಚರಿಕೆ, ಇದನ್ನು ಬಹಳ ಕಾಳಜಿಯಿಂದ ಹೇಳುತ್ತಿದ್ದೇನೆ. ನೀವು ಸಂಜೆ ಬಸ್ಸು ಹತ್ತಿ ಹಾಸ್ಟೆಲಿಗೆ ಬರುತ್ತೀರಿ. ದೂರಿಗೆ ಹೆಬ್ಬೆಟ್ಟು ಒತ್ತಿದ ಹೆಂಗಸು ನಾಳೆ ಅದೇ ಮೇಸ್ತ್ರಿಯ ಹತ್ತಿರ ಕೂಲಿಗೆ ಹೋಗಬೇಕು. ಆದ್ದರಿಂದ ಹೆಸರು ಹಾಕಬೇಕಾ ಬೇಡವಾ ಅಂತ ಅವಳೇ ಹೇಳಲಿ. ಅವಳ ಫೋಟೋ ನಿಮ್ಮ ಸ್ಟೇಟಸ್‌ಗೆ ಬೇಡ. ಪರೀಕ್ಷೆ ಬಂತು ಅಂತ ನೀವು ಮಧ್ಯೆ ಮಾಯವಾಗೋದಾದರೆ ಮೊದಲೇ ಹೇಳಿ, ಯಾರ ಕೈಗೆ ಒಪ್ಪಿಸುತ್ತೀರಿ ಅನ್ನೋದನ್ನೂ ಹೇಳಿ. ಹಿರಿಯ ವಿದ್ಯಾರ್ಥಿಗಳು ಕಾಲೇಜು ಬಿಡುವಾಗ ಆ ನೋಟ್‌ಬುಕ್ಕು, ಅರ್ಜಿ ನಂಬರುಗಳು ಕಿರಿಯರ ಕೈಗೆ ಹೋಗಬೇಕು.

ಖಾಲಿ ಹಾಳೆ ತಂದಿದ್ದೇನೆ. ಹಾಸ್ಟೆಲ್ ವಿಷಯವಾಗಲಿ, ನಿಮ್ಮ ಊರಿನ ಪಂಚಾಯ್ತಿ ವಿಷಯವಾಗಲಿ, ಮಾಹಿತಿ ಅರ್ಜಿ ಬರೆಯಬೇಕು ಅನ್ನುವವರು ಮುಂದಿನ ಸಾಲಿಗೆ ಬನ್ನಿ. ಒಬ್ಬೊಬ್ಬರು ಒಂದೊಂದು ಪ್ರಶ್ನೆ ಬರೆಯಿರಿ, ಅದಕ್ಕೆ ಯಾವ ದಾಖಲೆ ಕೇಳಬೇಕು ಅಂತ ಒಟ್ಟಿಗೆ ಕೂತು ನೋಡೋಣ.