ಕಿಂಗ್ಸ್ ಲಿನ್‌ನಲ್ಲಿ ನೀರು ಏರುವವರೆಗೆ

ಈಗ ಪರದೆ ಮೇಲೆ ಕಾಣುತ್ತಿರುವುದು ಕೆಸರು. ಬರೀ ಕೆಸರು. ಅದರ ಹಿಂದೆ ಇರುವ ಕಟ್ಟಡ ಮಾತ್ರ ನೋಡಿ, ಎಷ್ಟು ಚೆಂದ ಅಲ್ವಾ? ಅದು ಕಸ್ಟಮ್ ಹೌಸ್, ಇಂಗ್ಲೆಂಡಿನ ಪೂರ್ವ ಭಾಗದ ಹಳೆ ಬಂದರು ಊರು ಕಿಂಗ್ಸ್ ಲಿನ್‌ನದು. 1683ರಲ್ಲಿ ಹೆನ್ರಿ ಬೆಲ್ ಎಂಬ ವಾಸ್ತುಶಿಲ್ಪಿ ವಿನ್ಯಾಸ ಮಾಡಿದ್ದು. ಮೊದಲು ಇಲ್ಲಿ ವರ್ತಕರು ವ್ಯಾಪಾರ ಕುದುರಿಸುತ್ತಿದ್ದರು, ಸುಂಕದ ಕಚೇರಿ ಆಮೇಲೆ ಬಂತು. ಇದರ ಪ್ರತಿಬಿಂಬ ನೀರಲ್ಲಿ ಬೀಳುವ ಫೋಟೋ ತೆಗೆಯಬೇಕೆಂದೇ ಬೆಳಿಗ್ಗೆ ಕೇಂಬ್ರಿಡ್ಜ್‌ನಿಂದ ರೈಲು ಹತ್ತಿದ್ದೆ. ಬಂದು ನೋಡಿದರೆ ನೀರೇ ಇಲ್ಲ.

ಇದು ಪರ್‌ಫ್ಲೀಟ್ ಅನ್ನುವ ಕಾಲುವೆ, ಗ್ರೇಟ್ ಊಸ್ ನದಿಗೆ ಸೇರುತ್ತದೆ. ಆ ನದಿ ಇಲ್ಲಿಂದ ಸ್ವಲ್ಪ ದೂರದಲ್ಲೇ ಸಮುದ್ರ ಸೇರುತ್ತದೆ. ಹಾಗಾಗಿ ಊರೊಳಗೂ ಉಬ್ಬರ ಇಳಿತ ಇದೆ, ಅದೂ ಒಂದೆರಡು ಅಡಿಯಲ್ಲ. ಬಿಸಿಲು ಯಾವಾಗ ಎಲ್ಲಿ ಬೀಳುತ್ತೆ ಅಂತ ನೋಡಿಕೊಂಡು ಬಂದಿದ್ದೆ. ನೀರಿನ ಸಮಯ ನೋಡಿರಲಿಲ್ಲ.

ಸರಿ, ಕಾಯೋಣ ಅಂತ ಬೀದಿಗಳ ಕಡೆ ನಡೆದೆ. ಸ್ಯಾಟರ್ಡೇ ಮಾರ್ಕೆಟ್ ಪ್ಲೇಸ್‌ನಲ್ಲಿ ಟ್ರಿನಿಟಿ ಗಿಲ್ಡ್‌ಹಾಲ್ ಇದೆ, ವರ್ತಕರ ಸಂಘದ ಸಭಾಭವನ, 1420ರ ದಶಕದ್ದು. ಗೋಡೆ ತುಂಬ ಕಪ್ಪು ಬಿಳಿ ಚೌಕಗಳು. ಕಪ್ಪು ಚೌಕ ಅಂದರೆ ಚಕಮಕಿ ಕಲ್ಲು, ಬಿಳಿದು ಬೇರೆ ಕಲ್ಲು. ಹತ್ತಿರ ಹೋಗೋಣ ಬನ್ನಿ. ಒಂದೊಂದು ಚಕಮಕಿ ಕಲ್ಲನ್ನೂ ಒಡೆದು, ಒಳಮೈ ಹೊರಗೆ ಬರುವಂತೆ ಕೂರಿಸಿದ್ದಾರೆ. ಆ ಮೈ ಕಪ್ಪು ಗಾಜಿನ ಹಾಗೆ ನುಣುಪು. ಬಿಸಿಲಿದ್ದಾಗ ಅಲ್ಲಲ್ಲಿ ಕಣ್ಣು ಕುಕ್ಕುತ್ತಿತ್ತು, ಫೋಟೋದಲ್ಲಿ ಬರೀ ಬಿಳಿ ಚುಕ್ಕೆ. ಮೋಡ ಮುಚ್ಚಿದ ಎರಡೇ ನಿಮಿಷದಲ್ಲಿ ಕಲ್ಲಿನೊಳಗಿನ ಬೂದು, ನೀಲಿ ಎಲ್ಲ ಕಾಣಿಸಿತು. ಈ ಶಾಟ್ ಆಗಿನದು.

ಎದುರಿಗೇ ಮಿನ್‌ಸ್ಟರ್, ಅಂದರೆ ಊರಿನ ದೊಡ್ಡ ಚರ್ಚ್. 1101ರಲ್ಲಿ ಶುರುವಾದದ್ದು. ಅದರ ಗೋಪುರದ ಮೇಲೆ ಒಂದು ವಿಚಿತ್ರ ಗಡಿಯಾರ ಇದೆ. ಅಂಕಿಗಳ ಜಾಗದಲ್ಲಿ ಹನ್ನೆರಡು ಇಂಗ್ಲಿಷ್ ಅಕ್ಷರಗಳು. ಸುತ್ತ ಓದಿಕೊಂಡು ಹೋದರೆ 'ಲಿನ್ ಹೈ ಟೈಡ್' ಅಂತ ಆಗುತ್ತದೆ, ಅಂದರೆ ಲಿನ್ ಊರಿನ ಉಬ್ಬರ. ಮುಳ್ಳಿನ ಕೆಲಸ ಮಾಡೋದು ಒಂದು ಹಸಿರು ಡ್ರ್ಯಾಗನ್. ಅದರ ನಾಲಿಗೆ ತೋರಿಸುವುದೇ ಉಬ್ಬರದ ಸಮಯ! ಚಂದ್ರ ಎಷ್ಟು ತುಂಬಿದ್ದಾನೆ ಅಂತಲೂ ಅಲ್ಲೇ ಕಾಣುತ್ತದೆ. ನಾನು ಫೋನ್‌ನಲ್ಲಿ ಹುಡುಕಿದ್ದನ್ನು ಈ ಊರು ಗೋಪುರದ ಮೇಲೆ ಇಟ್ಟುಕೊಂಡಿದೆ. ಹಡಗು ನಂಬಿ ಬದುಕಿದವರಿಗೆ ಊಟದ ಹೊತ್ತಿಗಿಂತ ನೀರಿನ ಹೊತ್ತು ಮುಖ್ಯ.

ಅದೇ ಚರ್ಚಿನ ಪಶ್ಚಿಮ ಬಾಗಿಲ ಪಕ್ಕ ಕ್ಯಾಮೆರಾ ಕೆಳಗೆ ತಂದೆ. ಕಲ್ಲಿನಲ್ಲಿ ಗೆರೆಗಳು, ಪಕ್ಕದಲ್ಲಿ ಇಸವಿ. 1883, 1953, 1961, 1978, 2013. ನೆರೆ ನೀರು ಎಲ್ಲಿವರೆಗೆ ಬಂದಿತ್ತು ಅಂತ ಕೊರೆದ ಗುರುತು. 1953ರ ಜನವರಿ 31ರ ರಾತ್ರಿ ಉತ್ತರ ಸಮುದ್ರ ಉಕ್ಕಿ ಬಂದಾಗ ಇಂಗ್ಲೆಂಡಿನಲ್ಲಿ 307 ಜನ ಸತ್ತರು. ಈ ಗೆರೆಗಳ ಮುಂದೆ ನಿಂತು ನಾನು ಸೆಲ್ಫಿ ತೆಗೆಯಲಿಲ್ಲ. ಸುಮ್ನೆ ಒಂದು ಫೋಟೋ, ಅಷ್ಟೇ.

ಪಕ್ಕದಲ್ಲೇ ಹಾನ್ಸ್ ಹೌಸ್. 1475ರ ಹೊತ್ತಿಗೆ ಜರ್ಮನಿ ಕಡೆಯ ಹಾನ್ಸಿಯಾಟಿಕ್ ಅನ್ನುವ ವ್ಯಾಪಾರ ಒಕ್ಕೂಟದ ವರ್ತಕರು ಕಟ್ಟಿಸಿದ ಗೋದಾಮು. ಇಂಗ್ಲೆಂಡಿನಲ್ಲಿ ಉಳಿದಿರುವ ಅವರ ಕಟ್ಟಡ ಇದೊಂದೇ. ಪಕ್ಕದ ಓಣಿಯಲ್ಲಿ ನಿಂತರೆ ಮೇಲಿನ ಮಹಡಿ ತಲೆ ಮೇಲೆ ಬಾಗಿದ ಹಾಗೆ ಮುಂದಕ್ಕೆ ಚಾಚಿದೆ. ಇಂಥ ಕಿರಿದಾದ ಜಾಗದಲ್ಲಿ ಕ್ಯಾಮೆರಾ ಮೇಲಕ್ಕೆ ಎತ್ತಿದರೆ ಗೋಡೆ ಹಿಂದಕ್ಕೆ ಬಿದ್ದಂತೆ ಕಾಣುತ್ತದೆ. ಓಣಿಯ ತುದಿಗೆ ಹೋಗಿ, ಕ್ಯಾಮೆರಾ ನೇರ ಹಿಡಿದು ತೆಗೆಯಿರಿ.

ಕ್ವೀನ್ ಸ್ಟ್ರೀಟ್‌ನ ಕ್ಲಿಫ್ಟನ್ ಹೌಸ್ ಬಾಗಿಲನ್ನು ಮಾತ್ರ ತಪ್ಪಿಸಬೇಡಿ. ಎರಡೂ ಕಡೆ ಹಗ್ಗ ಹೊಸೆದ ಹಾಗೆ ತಿರುಚಿದ ಕಂಬಗಳು. ಹಿಂದೆ ಇಟ್ಟಿಗೆಯ ಎತ್ತರದ ಗೋಪುರ, ಅಲ್ಲಿಂದ ವರ್ತಕರಿಗೆ ನದಿಯಲ್ಲಿ ಬರುವ ಹಡಗು ಕಾಣುತ್ತಿತ್ತು.

ಸಂಜೆ ಆರು ದಾಟಿತು. ನದಿ ದಡದ ಹಳೆ ಹಡಗುಕಟ್ಟೆ ಸೌತ್ ಕೀ ಉದ್ದಕ್ಕೂ ವಾಪಸ್ ಬರುತ್ತಿದ್ದೇನೆ. ಊರು ನದಿಯ ಪೂರ್ವ ದಡದಲ್ಲಿದೆ, ಆದ್ದರಿಂದ ಸಂಜೆ ಬಿಸಿಲು ನೀರು ದಾಟಿ ನೇರವಾಗಿ ಹಳೆ ಗೋಡೆಗಳ ಮೇಲೆ ಬೀಳುತ್ತದೆ. ನದಿ ಈಗ ಹಿಂದಕ್ಕೆ ಹರಿಯುತ್ತಿದೆ, ಸಮುದ್ರದ ಕಡೆಯಿಂದ ಒಳಗೆ. ಒಂದು ಮರದ ತುಂಡು ನನಗಿಂತ ಬೇಗ ಊರೊಳಗೆ ತೇಲಿ ಹೋಯಿತು.

ಪರ್‌ಫ್ಲೀಟ್ ತುಂಬಿತ್ತು. ಮಧ್ಯಾಹ್ನದ ಕೆಸರಿನ ಗುರುತೇ ಇಲ್ಲ. ಇದೇ ಊರಲ್ಲಿ 1757ರಲ್ಲಿ ಹುಟ್ಟಿದ ನಾವಿಕ ಜಾರ್ಜ್ ವ್ಯಾಂಕೂವರ್ ಪ್ರತಿಮೆ ದಡದಲ್ಲಿ ನಿಂತಿದೆ. ಅದರ ಹತ್ತಿರ ಮೊಣಕಾಲೂರಿ ಕೂತೆ. ಮೊದಲ ಫೋಟೋದಲ್ಲಿ ಪ್ರತಿಬಿಂಬ ಮಂಕಾಗಿತ್ತು. ಲೆನ್ಸ್ ಮೇಲೆ ಪೋಲರೈಸರ್ ಅನ್ನುವ ಫಿಲ್ಟರ್ ಇನ್ನೂ ಹಾಗೇ ಇತ್ತು, ನೀರಿನ ಹೊಳಪನ್ನೆಲ್ಲ ಅದೇ ನುಂಗುತ್ತಿತ್ತು. ತೆಗೆದೆ. ಗಾಳಿ ನಿಲ್ಲಲಿ ಅಂತ ಕಾದೆ.

ಇಗೋ ನೋಡಿ. ಮೇಲೊಂದು ಕಸ್ಟಮ್ ಹೌಸ್, ಕೆಳಗೊಂದು. ನಾಲ್ಕು ಫೋಟೋ ಸಿಕ್ಕಿತು. ಐದನೆಯದಕ್ಕೆ ಬಟನ್ ಒತ್ತುವಾಗ ಗೋಡೆಯ ಬುಡದಲ್ಲಿ ಒಂದು ಬೆರಳಗಲ ಒದ್ದೆ ಪಟ್ಟಿ ಕಾಣಿಸಿತು. ನೀರು ಇಳಿಯಲು ಶುರುವಾಗಿತ್ತು.