ಬಿಪಿ, ಶುಗರ್ ಫೈಲಿನಲ್ಲಿ ಏನಿರಬೇಕು?

ಕೇಳುಗರಿಗೆ ನಮಸ್ಕಾರ.

ಬಿಪಿ, ಶುಗರ್ ಇರುವವರ ಹತ್ತಿರ ಒಂದು ಫೈಲ್ ಇದ್ದೇ ಇರುತ್ತದೆ. ವರ್ಷ ಕಳೆದ ಹಾಗೆ ದಪ್ಪ ಆಗುತ್ತಾ ಹೋಗುತ್ತದೆ. ಹೊಸ ಡಾಕ್ಟರೊಬ್ಬರು ಅದನ್ನು ತೆರೆದರೆ ಬೇಕಾದದ್ದು ಸಿಗುತ್ತದಾ? ಎಷ್ಟೋ ಸಲ ಸಿಗುವುದಿಲ್ಲ.

ಒಂದು ಪುಟದಲ್ಲಿ ‘ಶುಗರ್ 180’ ಅಂತ ಬರೆದಿದೆ ಅಂದುಕೊಳ್ಳಿ. ಅಷ್ಟೇ. ಖಾಲಿ ಹೊಟ್ಟೆಯದ್ದಾ, ಊಟ ಆದಮೇಲಿನದ್ದಾ? ಖಾಲಿ ಹೊಟ್ಟೆಯಲ್ಲಿ ಡೆಸಿಲೀಟರಿಗೆ 126 ಮಿಲಿಗ್ರಾಂ ಮುಟ್ಟಿದರೇ ಸಕ್ಕರೆ ಕಾಯಿಲೆಯ ಮಟ್ಟ. ಹಾಗಾಗಿ ಈ 180 ಜಾಸ್ತಿಯೇ ಆಯಿತು. ಊಟದ ನಂತರದ್ದಾದರೆ, ಕಾಯಿಲೆ ಇರುವ ಎಷ್ಟೋ ಮಂದಿಗೆ ಅದು ಗುರಿಯ ಆಸುಪಾಸಿನಲ್ಲೇ ಇದೆ. ಒಂದೇ ಅಂಕಿ. ಔಷಧಿ ಹೆಚ್ಚಿಸಬೇಕೋ ಬೇಡವೋ ಅನ್ನುವುದು ಮಾತ್ರ ಬರೆಯದೇ ಬಿಟ್ಟ ಎರಡು ಪದಗಳ ಮೇಲೆ ನಿಂತಿದೆ. ಸೂಜಿ ಚುಚ್ಚಿಸಿಕೊಂಡದ್ದು ದಂಡ ಆಯಿತಲ್ವಾ?

ಬಿಪಿಯ ಸಾಲು ನೋಡಿ. 140/90, 130/80, 150/90, 140/80. ಎಲ್ಲವೂ ಸೊನ್ನೆಯಲ್ಲೇ ಮುಗಿಯುತ್ತವೆ. ಪಾದರಸದ ಯಂತ್ರದಲ್ಲಿ ಗೆರೆಗಳು ಎರಡೆರಡಕ್ಕೆ ಇರುತ್ತವೆ. ಗೆರೆ ನೋಡಿ ಬರೆದರೆ ಕೊನೆಗೆ ಸೊನ್ನೆ ಬರುವುದು ಸುಮಾರು ಐದರಲ್ಲಿ ಒಂದು ಸಲ. ಸಾಲು ಪೂರ್ತಿ ಸೊನ್ನೆಯೇ ಇದ್ದರೆ ಯಾರೋ ಅಂದಾಜಿನಲ್ಲಿ ಬರೆದಿದ್ದಾರೆ ಅನ್ನಬೇಕಾಗುತ್ತದೆ. ಬಿಪಿ ಇದೆ ಎಂದು ಸಾಮಾನ್ಯವಾಗಿ ತೀರ್ಮಾನಿಸುವ ಗೆರೆ 140/90. 136 ಇದ್ದದ್ದನ್ನು 140 ಮಾಡಿದರೆ, ಕಾಯಿಲೆ ಇಲ್ಲದವರೂ ರೋಗಿಯ ಪಟ್ಟಿಗೆ ಸೇರಬಹುದು. ಮೆಟ್ಟಿಲು ಹತ್ತಿ ಬಂದ ಕೂಡಲೇ ನೋಡಿದರೂ, ತೋಳಿಗೆ ಸುತ್ತುವ ಪಟ್ಟಿ ಚಿಕ್ಕದಾದರೂ ಅಂಕಿ ಏರುತ್ತದೆ. ಐದು ನಿಮಿಷ ಸುಮ್ನೆ ಕೂರಿಸಿ, ಎರಡು ಸಲ ನೋಡಿ, ಎರಡನ್ನೂ ಬರೆಯಬೇಕು.

ಇನ್ನು ಖಾಲಿ ಬಿಟ್ಟ ಜಾಗ. ನನಗೆ ಹೆಚ್ಚು ಹೆದರಿಕೆ ಹುಟ್ಟಿಸುವುದು ಇದೇ. ಪಾದ ಪರೀಕ್ಷೆ ಅನ್ನುವ ಕಡೆ ಏನೂ ಬರೆದಿಲ್ಲ. ನೋಡಿ ಸರಿಯಿದೆ ಅಂತ ಬಿಟ್ಟರಾ, ಚಪ್ಪಲಿ ಬಿಚ್ಚಿಸಲೇ ಇಲ್ಲವಾ? ಶುಗರಿನಿಂದ ಪಾದದಲ್ಲಿ ಸ್ಪರ್ಶ ಕಳೆದುಕೊಂಡವರಿಗೆ ಗಾಯ ಆದರೂ ನೋವು ಗೊತ್ತಾಗುವುದಿಲ್ಲ. ‘ನೋಡಿದೆ, ಸರಿಯಿದೆ’ ಅಂತ ಬರೆಯಲು ಎಷ್ಟು ಹೊತ್ತು ಬೇಕು? ಕಣ್ಣಿನ ಪರೀಕ್ಷೆಗೂ ಇದೇ ಮಾತು. ಕಂಪ್ಯೂಟರಿನಲ್ಲಿ ಹಿಂದಿನ ಸಲದ್ದನ್ನೇ ನಕಲು ಮಾಡಿ ಅಂಟಿಸಿದರೆ ಇನ್ನೂ ಕಷ್ಟ. ನೋಡದ ಪಾದವೂ ಸರಿಯಿದೆ ಅಂತ ದಾಖಲಾಗುತ್ತದೆ.

ಔಷಧಿ ಬದಲಾಯಿಸಿದಾಗ ಕಾರಣವೂ ಬೇಕು. ರಾಮಿಪ್ರಿಲ್ ಅನ್ನುವ ಬಿಪಿ ಮಾತ್ರೆ ತೆಗೆದುಕೊಳ್ಳುವ ಕೆಲವರಿಗೆ ಒಣ ಕೆಮ್ಮು ಬರುತ್ತದೆ. ‘ಕೆಮ್ಮಿನಿಂದ ನಿಲ್ಲಿಸಿದೆ’ ಅಂತ ಬರೆಯದಿದ್ದರೆ, ಮುಂದಿನ ಡಾಕ್ಟರು ಮತ್ತೆ ಅದನ್ನೇ ಕೊಡಬಹುದು. ಮೆಟ್‌ಫಾರ್ಮಿನ್ ಅನ್ನುವ ಶುಗರ್ ಮಾತ್ರೆಯ ಪ್ರಮಾಣ ಕಿಡ್ನಿಯ ಸ್ಥಿತಿ ನೋಡಿ ತೀರ್ಮಾನ ಆಗಬೇಕು. ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ಪರೀಕ್ಷೆಯ ತಾರೀಖೇ ಇಲ್ಲದ ಫೈಲಿನಿಂದ ಅದನ್ನು ಹೇಗೆ ತೀರ್ಮಾನಿಸುವುದು?

ಮುಂದಿನ ಸಲ ಡಾಕ್ಟರ ಮುಂದಿನಿಂದ ಏಳುವ ಮೊದಲು ಚೀಟಿ ಒಮ್ಮೆ ಓದಿ. ಮಾತ್ರೆ ಬದಲಾಗಿದ್ದರೆ, ‘ಯಾಕೆ ಅಂತ ಇಲ್ಲೇ ಬರೆದುಕೊಡ್ತೀರಾ ಡಾಕ್ಟ್ರೇ?’ ಅಂತ ಕೇಳಿ. ಮನೆಯಲ್ಲೇ ಬಿಪಿ ನೋಡಿಕೊಳ್ಳುವವರು ಅಂಕಿಯ ಪಕ್ಕ ತಾರೀಖು, ಹೊತ್ತು, ಮಾತ್ರೆ ತಗೊಂಡಿದ್ದಿರೋ ಇಲ್ಲವೋ ಅನ್ನುವುದನ್ನೂ ಬರೆದು, ಆ ಹಾಳೆಯನ್ನು ಜೊತೆಗೆ ಒಯ್ಯಿರಿ.